ಹುಬ್ಬಳ್ಳಿ–ಧಾರವಾಡದಲ್ಲಿ ಮನೆ: ಜಾಹೀರಾತಿನ ಸೌಕರ್ಯಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು?

ತುಂಗಾ_ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅವಳಿ ನಗರದಲ್ಲಿ ನೆಲೆಸಲು ಮನೆ ನೋಡುತ್ತಿದ್ದೇವೆ. ಒಟ್ಟು ಐದು ಜನ: ಎಪ್ಪತ್ತು ದಾಟಿದ ಇಬ್ಬರು ಹಿರಿಯರು, ನಾವಿಬ್ಬರು, ನಾಲ್ಕನೇ ತರಗತಿ ಓದುವ ಮಗಳು. ಒಬ್ಬರ ಕೆಲಸ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ, ಇನ್ನೊಬ್ಬರದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. 30×40ರ ಪ್ಲಾಟ್ ಕೊಂಡು ಕಟ್ಟಿಸಬಹುದು, ಇಲ್ಲವೇ ಕಟ್ಟಿದ ಮನೆಯನ್ನೇ ಕೊಳ್ಳಬಹುದು.

ನೋಡಿದ ಜಾಹೀರಾತುಗಳೆಲ್ಲ ಒಂದೇ ರೀತಿ ಇವೆ: ವಿಮಾನ ನಿಲ್ದಾಣಕ್ಕೆ 15 ನಿಮಿಷ, ಐಐಟಿ ಹತ್ತಿರ, ಬಿಆರ್‌ಟಿಎಸ್‌ಗೆ (ಪ್ರತ್ಯೇಕ ಲೇನಿನ ವೇಗದ ಬಸ್) ನಡೆದು ಹೋಗುವ ದೂರ, 24×7 ನೀರು, ಕ್ಲಬ್ ಹೌಸ್, ಉದ್ಯಾನ. ದಿನನಿತ್ಯದ ಬದುಕಿಗೆ ಇವುಗಳಲ್ಲಿ ಯಾವುದು ಮುಖ್ಯ, ಅದನ್ನು ಕೊಳ್ಳುವ ಮೊದಲೇ ಪರೀಕ್ಷಿಸುವುದು ಹೇಗೆ? ಊರು ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ನಳದ_ನೀರು:

ಮೊದಲ ನೀರು ನೋಡ್ರಿ, ಉಳಿದದ್ದೆಲ್ಲ ಆಮ್ಯಾಲ.

ನಮ್ಮ ನಳಕ್ಕ ಬರೂದು ಮುಖ್ಯವಾಗಿ ಸವದತ್ತಿ ಹತ್ರ ಇರೂ ಮಲಪ್ರಭಾ ಡ್ಯಾಮಿನ ನೀರು. ಅಮ್ಮಿನಬಾವಿಯೊಳಗ ಶುದ್ಧ ಆಗಿ ಬರ್ತೈತಿ. ಹುಬ್ಬಳ್ಳಿ ಕಡೆ ನೀರಸಾಗರನೂ ಐತಿ, ಆದ್ರ ಮಳಿ ಕೈಕೊಟ್ಟ ವರ್ಷ ಅದನ್ನ ನೆಚ್ಚಾಕ ಬರೂದಿಲ್ಲ. 2008ರ ಸುಮಾರಿಗೆ ಎರಡೂ ಊರಿನ ಕೆಲವು ವಾರ್ಡುಗಳಿಗೆ ದಿನಪೂರ್ತಿ ನೀರು ಪ್ರಾಯೋಗಿಕವಾಗಿ ಶುರು ಆತು. ಅದನ್ನ ಊರ ತುಂಬ ಹಬ್ಬಿಸೂ ಕಾಮಗಾರಿ ಆಮ್ಯಾಲ ಬಂತು. ಹಿಂಗಾಗಿ ಒಂದು ರಸ್ತೆಗೆ 24 ತಾಸು ನೀರು ಇದ್ರ ಅದರ ಹಿಂದಿನ ರಸ್ತೆಗೆ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ವಾರಕ್ಕೊಮ್ಮೆ ಬರ್ತೈತಿ. "ಈ ಏರಿಯಾಕ್ಕ 24×7 ಐತ್ರಿ" ಅನ್ನೂ ಮಾತು ಇಲ್ಲಿ ನಡಿಯಂಗಿಲ್ಲ. ಆ ರಸ್ತೆಗೆ, ಆ ಮನಿಗೆ ಐತೇನು ಅಂತ ಕೇಳಬೇಕು.

ಕೇಳೂದಕ್ಕಿಂತ ನೋಡೂದು ಚಲೋ. ರಸ್ತೆದಾಗ ಹತ್ತು ಮನಿ ಮುಂದ ನಡೀರಿ. ಎಲ್ಲಾ ಮನಿ ಮುಂದನೂ ಪ್ಲಾಸ್ಟಿಕ್ ಬ್ಯಾರಲ್ ಇಟ್ಟಿದ್ರ ನೀರು ದಿನಾ ಬರಂಗಿಲ್ಲ ಅಂತ ತಿಳ್ಕೋರಿ. ನಳಕ್ಕ ನೇರವಾಗಿ ಮೋಟರ್ ಹಚ್ಚಿ ಎಳೀತಿದ್ರ ಒತ್ತಡ ಇಲ್ಲ ಅಂತ ಅರ್ಥ, ಮ್ಯಾಲ ಆ ಮೋಟರಿನಿಂದ ಮುಂದಿನ ಮನಿಗೆ ಇನ್ನೂ ಕಡಿಮಿ ಆಗ್ತೈತಿ. ಮೀಟರ್ ಕೂಡ್ರಿಸಿದಾರೇನು, ಕೂಡ್ರಿಸಿದ್ರ ಅದು ತಿರಗತೈತೇನು ನೋಡ್ರಿ. ಕಡೀಗೆ ಆ ವಾರ್ಡಿನ ವಾಲ್ವ್‌ಮನ್‌ನ ಹುಡುಕಿ ಒಂದ ಪ್ರಶ್ನೆ ಕೇಳ್ರಿ: ಏಪ್ರಿಲ್–ಮೇ ತಿಂಗಳದಾಗ ಎಷ್ಟ ದಿನಕ್ಕೊಮ್ಮೆ ಬಿಡ್ತೀರಿ? ಮಳಿಗಾಲದ ಉತ್ತರ ತಗೊಂಡು ಮನಿ ಕೊಳ್ಳಬ್ಯಾಡ್ರಿ. ಧಾರವಾಡ ಏರು–ಇಳಿವಿನ ಊರು. ಲೈನಿನ ಕಡೀಗೆ, ಏರಿನ ಮ್ಯಾಲ ಇರೂ ಮನಿಗೆ ನೀರು ತಡಾ ಬಂದು ಲಗೂ ನಿಲ್ತೈತಿ.

ಸಂಪಿನ ಲೆಕ್ಕ ಹಿಂಗ ಮಾಡ್ರಿ. ತಲಿಗೆ ದಿನಕ್ಕ 135 ಲೀಟರ್ ಅಂತ ಹಿಡದ್ರ ನಿಮ್ಮ ಐದು ಮಂದಿಗೆ 675 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಅಂದ್ರ 5,400 ಲೀಟರ್. ಒಂದು ಘನ ಅಡಿಗೆ 28.3 ಲೀಟರ್, ಅಂದ್ರ 6×6×6 ಅಡಿ ಸಂಪು ಸುಮಾರು 6,100 ಲೀಟರ್ ಹಿಡೀತೈತಿ. ಲೆಕ್ಕಕ್ಕ ಸಾಕು, ಆದ್ರ ಪೈಪ್ ಒಡದು ಸರದಿ ಒಂದು ತಪ್ಪಿದ್ರ ಟ್ಯಾಂಕರೇ ಗತಿ. 8×6×6 ಕಟ್ಟಿಸಿದ್ರ 8,150 ಲೀಟರ್, ಹನ್ನೆರಡು ದಿನ ತಡಕೋತೈತಿ. ಕಟ್ಟಿದ ಮನಿ ಕೊಳ್ಳೂದಿದ್ರ ಸಂಪಿನ ಮುಚ್ಚಳ ತಗಸಿ ಟೇಪ್ ಹಿಡದು ಅಳೀರಿ. ಮಾರಾವ್ರು ಹೇಳೂ ಅಳತಿ ಮತ್ತ ಒಳಗಿನ ಅಳತಿ ಭಾಳ ಸಲ ಒಂದ ಇರೂದಿಲ್ಲ.

ಬೋರ್ ಐತಿ ಅಂತ ಹಿಗ್ಗಬ್ಯಾಡ್ರಿ. ಹುಬ್ಬಳ್ಳಿ ಎರಿ ನೆಲದಾಗ ಸವಳ ನೀರು ಸಿಗೂದು ಸಾಮಾನ್ಯ. ಟಿಡಿಎಸ್ (ನೀರಿನಾಗ ಕರಗಿದ ಲವಣ) ಮೀಟರ್ ತಗೊಂಡು ಹೋಗ್ರಿ. ಕುಡಿಯೂ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳೂದು ಲೀಟರಿಗೆ 500 ಮಿಲಿಗ್ರಾಂ ಒಳಗ, ಬ್ಯಾರೆ ದಾರಿ ಇಲ್ಲದಾಗ 2,000ದ ತನಕ. ಗಡಸುತನ 600 ದಾಟಿದ್ರ ಗೀಜರ್, ನಳ, ವಾಷಿಂಗ್ ಮಷೀನ್ ಎಲ್ಲದಕ್ಕೂ ಉಪ್ಪು ಕಟ್ಟತೈತಿ.

ಗರಸು_ಪಾಯಾ:

ನೀರಿನ ಮಾತು ಒಪ್ಪಿದೆ. ನಾನು ಮಣ್ಣಿನ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಯಾವ ಬ್ರೋಷರ್‌ನಲ್ಲೂ ಇದು ಇರುವುದಿಲ್ಲ. ಈ ಊರಲ್ಲಿ ಮನೆ ಕೆಡುವುದಕ್ಕೆ ದೊಡ್ಡ ಕಾರಣ ಮಾತ್ರ ಇದೇ.

ಧಾರವಾಡದಿಂದ ಪಶ್ಚಿಮಕ್ಕೆ ಹೋದಂತೆ ಕೆಂಪು, ಮಸಾರಿ ನೆಲ ಹೆಚ್ಚು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಎರೆ ಮಣ್ಣು. ನಡುವಿನ ಪಟ್ಟಿಯಲ್ಲಿ ಒಂದೇ ಲೇಔಟಿನೊಳಗೆ ಎರಡೂ ಸಿಗುತ್ತವೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮನೆಯ ನಡುಭಾಗದ ಅಡಿಯಲ್ಲಿ ತೇವ ಹೆಚ್ಚು ಬದಲಾಗುವುದಿಲ್ಲ, ಅಂಚಿನಲ್ಲಿ ಬದಲಾಗುತ್ತದೆ. ಹಾಗಾಗಿ ಮೂಲೆಗಳು ಏರಿ ಇಳಿದು ಗೋಡೆ ಸೀಳುತ್ತದೆ.

ಪ್ಲಾಟ್ ಕೊಳ್ಳುವುದಾದರೆ ಮುಂಗಡಕ್ಕೆ ಮೊದಲು ಮಾಲೀಕರ ಒಪ್ಪಿಗೆ ಪಡೆದು ಒಂದು ಗುಂಡಿ ತೋಡಿಸಿ. ನಾಲ್ಕಡಿ ಚೌಕ, ಕನಿಷ್ಠ ಆರೇಳು ಅಡಿ ಆಳ. ಗರಸು (ಗಟ್ಟಿ ಜಲ್ಲಿಮಣ್ಣು) ಎಷ್ಟು ಆಳಕ್ಕೆ ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಕಪ್ಪು ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಉಬ್ಬುವಿಕೆಯ ಸೂಚ್ಯಂಕ ಕೇಳಿ. ಪರೀಕ್ಷೆ ಸರಳ: 425 ಮೈಕ್ರಾನ್ ಜರಡಿಯಲ್ಲಿ ಸೋಸಿ ಒಣಗಿಸಿದ 10 ಗ್ರಾಂ ಮಣ್ಣನ್ನು ನೀರಿರುವ 100 ಮಿಲಿ ಜಾಡಿಯಲ್ಲಿ, ಅಷ್ಟೇ ಮಣ್ಣನ್ನು ಸೀಮೆಎಣ್ಣೆ ಇರುವ ಇನ್ನೊಂದರಲ್ಲಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿ ನಿಂತು ನೀರಿನಲ್ಲಿ 16 ಮಿಲಿಗೆ ಏರಿದರೆ ಶೇ 60. ಶೇ 50 ದಾಟಿದರೆ ಮಾಮೂಲಿ ಪಾಯದ ಆಸೆ ಬಿಡಿ.

ಆಗ ಎರಡು ದಾರಿ. ಐದಾರು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಅಲ್ಲಿಯವರೆಗೆ ತೋಡಿ ಅದರ ಮೇಲೆ ಪಾಯ ಇಡಿ. ನೆಲದ ಅಡಿಯ ಕಪ್ಪು ಮಣ್ಣನ್ನೂ ತೆಗೆದು ಗರಸು ತುಂಬಿಸಿ. ತುಂಬುವಾಗ ಆರೇಳು ಇಂಚಿನ ಪದರ, ಪ್ರತಿ ಪದರಕ್ಕೂ ನೀರು ಹಾಕಿ ಧಮ್ಮಸು ಹೊಡೆಯಬೇಕು. ಟಿಪ್ಪರ್‌ನಿಂದ ಒಂದೇ ಸಲ ಸುರಿದು ಮೇಲೆ ಮಾತ್ರ ಧಮ್ಮಸು ಮಾಡಿದರೆ ಎರಡು ಮಳೆಗಾಲದಲ್ಲಿ ಟೈಲ್ಸ್ ಕುಸಿಯುತ್ತದೆ. ಕಪ್ಪು ಮಣ್ಣು ಹತ್ತು ಹನ್ನೆರಡು ಅಡಿ ದಾಟಿದ್ದರೆ ಅಂಡರ್‌ರೀಮ್ಡ್ ಪೈಲ್ (ಬುಡ ಉಬ್ಬಿದ, ನೆಲದೊಳಗಿನ ಕಾಂಕ್ರೀಟ್ ಕಂಬ) ಒಳ್ಳೆಯದು: ಕನಿಷ್ಠ 3.5 ಮೀಟರ್ ಆಳ, ಕೆಳಗಿನ ಉಬ್ಬು ಕಂಬದ ವ್ಯಾಸದ ಎರಡೂವರೆ ಪಟ್ಟು, ಮೇಲೆ ಪ್ಲಿಂತ್ ಬೀಮ್. ಬೀಮ್‌ ಮತ್ತು ಮಣ್ಣಿನ ನಡುವೆ ಸುಮಾರು 80 ಮಿಮೀ ಸಂದು ಬಿಡಲೇಬೇಕು. ಅದನ್ನು ಬಿಡದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ಹಣವೂ ವ್ಯರ್ಥ. ಗೌಂಡಿಗಳು ಈ ಸಂದಿಗೆ ಮಣ್ಣು ತುಂಬಿ ಮುಚ್ಚುವುದುಂಟು, ಎಂಜಿನಿಯರ್ ಎದುರಿಗೇ ಮಾಡಿಸಿ.

ಮನೆ ಸುತ್ತ ಆರಡಿ ಅಗಲದ ಕಾಂಕ್ರೀಟ್ ಅಂಚು, ಹೊರಗಡೆಗೆ ಇಳಿಜಾರಾಗಿ. 30×40ರಲ್ಲಿ ಆರಡಿ ಸಿಗುವುದಿಲ್ಲ, ಕಾಂಪೌಂಡ್ ತನಕ ಇದ್ದಷ್ಟೂ ಮಾಡಿ. ಸಂಪು ಇಟ್ಟಿಗೆಯದು ಬೇಡ. ಎರೆ ಮಣ್ಣಿನ ಪಕ್ಕದ ಒತ್ತಡಕ್ಕೆ ಅದು ಸೀಳಿ ಸೋರುತ್ತದೆ, ಆ ಸೋರಿಕೆಯೇ ಒಂದು ಮೂಲೆಯನ್ನು ಎತ್ತುತ್ತದೆ. ಆರ್‌ಸಿಸಿ ಗೋಡೆಯೇ ಇರಲಿ.

ಕಟ್ಟಿದ ಮನೆ ನೋಡುವಾಗ ಹೊಸ ಬಣ್ಣಕ್ಕೆ ಮನಸೋಲಬೇಡಿ. ಕಿಟಕಿಯ ಮೂಲೆಗಳಿಂದ ಓರೆಯಾಗಿ ಏರುವ ಸೀಳು, ಸ್ಕರ್ಟಿಂಗ್‌ಗೂ ನೆಲಕ್ಕೂ ನಡುವೆ ಬಿಟ್ಟ ಸಂದು, ವಾಲಿದ ಕಾಂಪೌಂಡ್, ಎಳೆದು ಹಾಕಬೇಕಾದ ಬಾಗಿಲು ಇವೆಲ್ಲ ನೆಲ ಚಲಿಸಿದ ಗುರುತು. ಕೂದಲೆಳೆಯಂಥ ಅಡ್ಡಾದಿಡ್ಡಿ ಗೆರೆಗಳು ಗಿಲಾವಿನವು, ಅದಕ್ಕೆ ಹೆದರಬೇಡಿ. ಮೇ ತಿಂಗಳಲ್ಲಿ ಸೀಳು ಅತಿ ಅಗಲವಾಗಿರುತ್ತದೆ, ಮನೆ ನೋಡಲು ಅದೇ ಸರಿಯಾದ ಕಾಲ.

ಚಿಗರಿ_ಪ್ರಯಾಣಿಕ:

ಓಡಾಟದ ಬಗ್ಗೆ ನಾ ಹೇಳ್ತೀನ್ರಿ. ನಿಮ್ಮ ಮನ್ಯಾಗ ಒಬ್ರು ಧಾರವಾಡಕ್ಕ, ಒಬ್ರು ಹುಬ್ಬಳ್ಳಿಗೆ ಹೋಗೋರು. ಅಂದ್ರ ನಡುವಿನ ಪಟ್ಟಿನೇ ನೋಡ್ರಿ: ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರ. ಬಿಆರ್‌ಟಿಎಸ್ ದಾರಿ ಸುಮಾರು 22 ಕಿಲೋಮೀಟರ್ ಅದ, ಚಿಗರಿ ಬಸ್ಸಿಗೆ ರಸ್ತೆ ನಡುವ ಬ್ಯಾರೆ ಲೇನ್. ನಿಲ್ದಾಣದ ಕಟ್ಟಿ ಬಸ್ಸಿನ ನೆಲದ ಎತ್ತರಕ್ಕೇ ಇರೋದ್ರಿಂದ ಮೊಣಕಾಲು ನೋವಿನ ಹಿರಿಯರು ಮೆಟ್ಟಿಲು ಹತ್ತೂ ಕೆಲಸ ಇಲ್ಲ. ಈ ಊರಿನ ಭಾಳ ದೊಡ್ಡ ಸೌಕರ್ಯ ಅಂದ್ರ ಇದ.

ಆದ್ರ "ಬಿಆರ್‌ಟಿಎಸ್ ಹತ್ರ" ಅಂದ್ರ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಹತ್ರ ಅಂತ ತಿಳೀಬ್ಯಾಡ್ರಿ. ನಿಲ್ದಾಣ ರಸ್ತೆ ನಡುವ ಇರ್ತದ, ಹಿರಿಯರು ದಾಟೂದು ಎಲ್ಲಿ, ಅಲ್ಲಿ ಸಿಗ್ನಲ್ ಅದನೋ ಇಲ್ಲೋ ನೋಡ್ರಿ. ಮನಿಯಿಂದ ನಿಲ್ದಾಣಕ್ಕ 700 ಮೀಟರ್ ದಾಟಿದ್ರ ದಿನಾ ಯಾರೂ ನಡಿಯೂದಿಲ್ಲ, ಗಾಡಿ ತಗೀತಾರ. ಲೇಔಟ್ ಎರಡು–ಮೂರು ಕಿಲೋಮೀಟರ್ ಒಳಗಿದ್ರ ಸಿಟಿ ಬಸ್ ಎಷ್ಟು ಹೊತ್ತಿಗೊಮ್ಮೆ ಅದ, ಸಂಜಿ ಎಂಟರ ಮ್ಯಾಲ ಅದನೋ ಇಲ್ಲೋ ಕೇಳ್ರಿ. ಮಳಿಗಾಲದಾಗ ಟೋಲ್ ನಾಕಾ ಹತ್ರ ನೀರು ನಿಂತು ಎಲ್ಲಾ ಗಾಡಿ ನಿಲ್ತಾವ, ಆ ಹೊತ್ತಿನ ಲೆಕ್ಕನೂ ಇಟ್ಕೋರಿ. ಗೋಕುಲ ರಸ್ತೆಗೆ ಹೋಗೋರು ಹೊಸೂರ ಕಡೆ ಇಳದು ಬಸ್ ಬದಲಿಸಬೇಕು. ವಿಶ್ವವಿದ್ಯಾಲಯಕ್ಕ ಜುಬಿಲಿ ಸರ್ಕಲ್‌ನಿಂದ.

ಬೈಪಾಸ್ ಪಕ್ಕದ ಲೇಔಟ್ ಬಗ್ಗೆ ಎಚ್ಚರ. ಗಬ್ಬೂರಿನಿಂದ ನರೇಂದ್ರ ತನಕದ ಆ ರಸ್ತೆ ಎರಡ ಲೇನಿಂದಾಗಿ ಅಪಘಾತಕ್ಕ ಹೆಸರಾದದ್ದು, ಅಗಲ ಮಾಡೂ ಕೆಲಸ ಕೈಗೆತ್ತಿಕೊಂಡಾರ. ಲೇಔಟಿನ ಬಾಗಲ ಸರ್ವಿಸ್ ರಸ್ತೆಗೆ ಅದನೋ, ನೇರ ಹೆದ್ದಾರಿಗೆ ಅದನೋ? ಸ್ಕೂಲ್ ಬಸ್ ಒಳಗ ಬರ್ತದೋ, ಹೆದ್ದಾರಿ ಮ್ಯಾಲ ನಿಲ್ತದೋ? ನಾಲ್ಕನೇ ಕ್ಲಾಸಿನ ಹುಡುಗಿ ಇರೂ ಮನಿಗೆ ಇದು ಕ್ಲಬ್ ಹೌಸ್‌ಗಿಂತ ದೊಡ್ಡ ಮಾತು.

ವಿಮಾನ ನಿಲ್ದಾಣ, ಐಐಟಿ ಪ್ಲಾಟಿನ ರೇಟ್ ಏರಿಸ್ತಾವ, ನಿಮ್ಮ ದಿನ ಸುಲಭ ಮಾಡೂದಿಲ್ಲ. ಹಿರಿಯರಿಗೆ ದವಾಖಾನಿ ದೂರ ನೋಡ್ರಿ: ವಿದ್ಯಾನಗರದಾಗ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಸತ್ತೂರದಾಗ ಎಸ್‌ಡಿಎಂ, ನವನಗರದಾಗ ಕ್ಯಾನ್ಸರ್ ಆಸ್ಪತ್ರೆ, ಎಲ್ಲಾ ಈ ಪಟ್ಟಿಗೇ ಹತ್ರ. ನಡುರಾತ್ರಿ ಗಾಡಿ ತಗೊಂಡು ಹೋದ್ರ ಎಷ್ಟು ನಿಮಿಷ ಅನ್ನೂದನ್ನ ಒಮ್ಮೆ ಓಡಿಸಿ ನೋಡ್ರಿ.

ಉತಾರ_ನೋಡಿ:

ಸೌಕರ್ಯಕ್ಕೂ ಕಾಗದಕ್ಕೂ ಇರುವ ನಂಟು ಹೇಳುತ್ತೇನೆ. ರಸ್ತೆ, ಬೀದಿ ದೀಪ, ಗಟಾರ, ಕಸದ ಗಾಡಿ ನಿಮ್ಮ ಮನೆಗೆ ಬರುತ್ತವೆಯೋ ಇಲ್ಲವೋ ಎನ್ನುವುದನ್ನು ಕಾಗದವೇ ತೀರ್ಮಾನಿಸುತ್ತದೆ.

ಕೃಷಿ ಜಮೀನಾಗಿದ್ದರೆ ಜಿಲ್ಲಾಧಿಕಾರಿಯ ಎನ್‌.ಎ. (ಕೃಷಿಯೇತರ ಬಳಕೆಯ) ಆದೇಶ ಬೇಕು. ಅದರ ಮೇಲೆ ಹುಡಾ (ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ವಿನ್ಯಾಸ ನಕ್ಷೆ. ಆಮೇಲೆ ಕೆಜೆಪಿ (ಸರ್ವೆ ದಾಖಲೆಯಲ್ಲಿ ಜಮೀನಿನ ವಿಭಜನೆ) ಆಗಿ ನಿಮ್ಮ ಪ್ಲಾಟಿಗೆ ಪ್ರತ್ಯೇಕ ಉತಾರ (ಹಕ್ಕು ದಾಖಲೆಯ ಪ್ರತಿ) ಬಂದಿರಬೇಕು. "ಎನ್‌.ಎ. ಆಗಿದೆ" ಎಂದಷ್ಟೇ ಹೇಳಿ ನಿಲ್ಲಿಸಿದರೆ ಉಳಿದೆರಡು ಆಗಿಲ್ಲ ಎಂದೇ ತಿಳಿದು ಕೇಳಿ. ನೋಂದಣಿಗೆ ಇ-ಖಾತಾ ಬೇಕು. ಬಿ ಖಾತಾ ಎಂದರೆ ಮಂಜೂರಾತಿ ಇಲ್ಲದ ಆಸ್ತಿ, ಬ್ಯಾಂಕ್ ಸಾಲಕ್ಕೂ ಕಟ್ಟಡ ಪರವಾನಗಿಗೂ ತೊಡಕು. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಯಿರಿ. 2004ರ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು. ಮೂವತ್ತು ವರ್ಷದ್ದು ಇರಲಿ. 500 ಚದರ ಮೀಟರ್ ಮೀರಿದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. ಆ ಜಾಲತಾಣದಲ್ಲಿರುವ ಮಂಜೂರು ನಕ್ಷೆಯನ್ನೂ ಏಜೆಂಟ್ ಕೊಟ್ಟ ಬಣ್ಣದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದ್ಯಾನ, ಸಿ.ಎ. ಸೈಟ್ (ನಾಗರಿಕ ಸೌಲಭ್ಯದ ಜಾಗ) ಎಲ್ಲಿ ವ್ಯತ್ಯಾಸ ಆಗಿವೆ ಎಂದು ಅಲ್ಲೇ ಗೊತ್ತಾಗುತ್ತದೆ. ಉದ್ಯಾನದ ಜಾಗ ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿಲ್ಲವಾದರೆ ಅದು ಇನ್ನೂ ಡೆವಲಪರ್‌ನದೇ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಲೇಔಟ್ ಮಹಾನಗರ ಪಾಲಿಕೆಗೆ ಹಸ್ತಾಂತರ ಆಗಿದೆಯೇ? ಆಗಿಲ್ಲದಿದ್ದರೆ ದೀಪ ಕೆಟ್ಟರೂ ಗಟಾರ ಕಟ್ಟಿದರೂ ಪಾಲಿಕೆ ಬರುವುದಿಲ್ಲ, ಡೆವಲಪರ್ ಪ್ಲಾಟ್ ಮಾರಿ ಮುಗಿಸಿ ಹೋಗಿರುತ್ತಾನೆ. ಅರೆಬರೆ ಒಳಚರಂಡಿ, ತೆಳು ಡಾಂಬರ್ ಇದ್ದಾಗ ಪಾಲಿಕೆ ಹಸ್ತಾಂತರಕ್ಕೆ ಒಪ್ಪುವುದಿಲ್ಲ, ಹಾಗಾಗಿ ಎಷ್ಟೋ ಲೇಔಟ್‌ಗಳು ವರ್ಷಗಟ್ಟಲೆ ನಡುವೆಯೇ ನಿಲ್ಲುತ್ತವೆ. ಪಾಲಿಕೆಯ ವಲಯ ಕಚೇರಿಯಲ್ಲಿ ಲೇಔಟಿನ ಹೆಸರು, ಸರ್ವೆ ನಂಬರ್ ಕೊಟ್ಟು ಕೇಳಿ. ಇನ್ನೊಂದು ಸೇರಿಸುತ್ತೇನೆ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ, ಗಡಿಯ ಹತ್ತಿರದ ಬಡಾವಣೆ ಕೊಳ್ಳುವವರು ಯಾವ ಕಡೆಗೆ ಸೇರುತ್ತದೆ ಎಂದು ವಿಚಾರಿಸಿ.

ತುಂಗಾ_ತೀರ:

ತುಂಬ ಉಪಕಾರವಾಯಿತು. ಈಗ ಎರಡೇ ಉಳಿದಿವೆ. ಒಂದು: ನವನಗರದಲ್ಲಿ 25 ವರ್ಷದ ಮನೆ, 30×40, ಚಿಗರಿ ನಿಲ್ದಾಣಕ್ಕೆ 600 ಮೀಟರ್, ನೀರು ಐದು ದಿನಕ್ಕೊಮ್ಮೆ. ಇನ್ನೊಂದು: ಬೈಪಾಸ್ ಆಚೆಗೆ ಹೊಸ ಗೇಟೆಡ್ ಲೇಔಟ್, ರಸ್ತೆ ಚೆಂದ, ಕ್ಲಬ್ ಹೌಸ್ ಇದೆ, ನೀರು ಬೋರಿನದು, ಯುಜಿಡಿ (ಒಳಚರಂಡಿ) "ಮುಂದೆ ಬರುತ್ತದೆ" ಎನ್ನುತ್ತಾರೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಹಳೆಯ ಮನೆ ಕೊಂಡರೆ ಯಾವುದಕ್ಕೆ ಖರ್ಚು ಎದುರಾಗುತ್ತದೆ?

ಗರಸು_ಪಾಯಾ:

ನಿಮ್ಮ ಮನೆಮಂದಿಗೆ ನವನಗರದ್ದೇ ಸರಿ. ನೀರು, ಬಸ್, ದವಾಖಾನೆ, ಕಸದ ಗಾಡಿ ಈಗಾಗಲೇ ಬರುತ್ತಿರುವ ಜಾಗ ಅದು. ಕ್ಲಬ್ ಹೌಸ್ ಮೊದಲ ಎರಡು ವರ್ಷ ಹೊಳೆಯುತ್ತದೆ. ಆಮೇಲೆ ನಿರ್ವಹಣೆ ಹಣ ಕೊಡುವವರು ಕಡಿಮೆಯಾದರೆ ಬೀಗ ಬೀಳುತ್ತದೆ, ಖಾಲಿ ಪ್ಲಾಟುಗಳೇ ಹೆಚ್ಚಿರುವ ಲೇಔಟಿನಲ್ಲಿ ಇದು ಬೇಗ ಆಗುತ್ತದೆ.

ಖರ್ಚಿನ ವಿಚಾರ. ಆ ಕಾಲದ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪುಗಳು ಒಳಗೆ ತುಕ್ಕು ಕಟ್ಟಿರುತ್ತವೆ, ಎಲ್ಲವನ್ನೂ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಗೀಜರ್, ಎ.ಸಿ. ಇರುವ ಕಡೆಗೆ 4 ಚದರ ಮಿಮೀ ತಂತಿಯ ಪ್ರತ್ಯೇಕ ಸರ್ಕ್ಯೂಟ್, ಹೊಸ ಅರ್ಥಿಂಗ್, ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಗೋಡೆಯೇ ಭಾರ ಹೊರುವ ಮನೆಯೋ, ಕಂಬ–ಬೀಮಿನ ಮನೆಯೋ ನೋಡಿಸಿ. ಮೊದಲಿನದಾದರೆ ನಡುಗೋಡೆ ಒಡೆದು ಹಾಲ್ ದೊಡ್ಡದು ಮಾಡುವ ಯೋಚನೆ ಬೇಡ. ಚಾವಣಿಯ ಅಡಿ ಗಿಲಾವು ಉಬ್ಬಿ ಕೆಂಪು ಕಲೆ ಇದ್ದರೆ ಸರಳು ತುಕ್ಕು ಹಿಡಿದಿದೆ, ಅದರ ರಿಪೇರಿ ದುಬಾರಿ, ಬೆಲೆ ಇಳಿಸಿ ಕೇಳಬಹುದು.

ಹಿರಿಯರಿಗೆ ಕೆಳಗಿನ ಮಹಡಿಯಲ್ಲೇ ಮಲಗುವ ಕೋಣೆಯೂ ಬಚ್ಚಲೂ ಇರಲಿ. ಬಚ್ಚಲ ಬಾಗಿಲು ಎರಡೂವರೆ ಅಡಿ ಇದ್ದರೆ ಮೂರಡಿಗೆ ಹಿಗ್ಗಿಸಿ. ಗಾಲಿಕುರ್ಚಿಗೆ ಇಳಿಜಾರು ಮಾಡುವುದಾದರೆ 12ಕ್ಕೆ 1: ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ 18 ಅಡಿ ಉದ್ದ ಬೇಕು. ಅಷ್ಟು ಜಾಗ ಮುಂದೆ ಇಲ್ಲದಿದ್ದರೆ ಪಕ್ಕಕ್ಕೆ ತಿರುಗಿಸಿ, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬಿಡಿ.

ನಳದ_ನೀರು:

ಐದು ದಿನಕ್ಕೊಮ್ಮೆ ಅಂದ್ರ 3,375 ಲೀಟರ್, ಸಂಪು 5,000 ಇದ್ರೂ ನಡೀತೈತ್ರಿ. ಬೋರಿನ ಮ್ಯಾಲ ನಿಂತಿರೂ ಲೇಔಟ್ ಬ್ಯಾಡ, ಪ್ಲಾಟ್ ಎಲ್ಲಾ ತುಂಬಿದ ಮ್ಯಾಲ ಅದ ಬೋರ್ ಎಷ್ಟು ಮನಿಗೆ ಸಾಲತೈತಿ? ಹಳೇ ಮನಿ ಮಾಳಗಿ ನೀರನ್ನೂ ಸಂಪಿಗೆ ತಿರುಗಿಸ್ರಿ. ಸಾವಿರ ಚದರ ಅಡಿ ಚಾವಣಿ ಮ್ಯಾಲ 20 ಮಿಮೀ ಮಳಿ ಬಿದ್ರ, ಐದನೇ ಒಂದು ಭಾಗ ಹಾಳಾತು ಅಂತ ಬಿಟ್ರೂ, ಸುಮಾರು 1,500 ಲೀಟರ್ ಸಿಗತೈತಿ. ಮೊದಲ ಮಳಿ ನೀರು ಹೊರಗ ಹೋಗೂ ಹಂಗ ಒಂದು ವಾಲ್ವ್, ಆಮ್ಯಾಲ ಜಲ್ಲಿ–ಉಸುಕಿನ ಫಿಲ್ಟರ್ ಹಾಕಸ್ರಿ.

ಉತಾರ_ನೋಡಿ:

ಯುಜಿಡಿ "ಮುಂದೆ ಬರುತ್ತದೆ" ಎಂದರೆ ಈಗ ಸೆಪ್ಟಿಕ್ ಟ್ಯಾಂಕ್ ಎಂದರ್ಥ. ಎರೆ ಮಣ್ಣಿನಲ್ಲಿ ಸೋಕ್ ಪಿಟ್ ನೀರು ಇಂಗಿಸುವುದಿಲ್ಲ, ಮಳೆಗಾಲದಲ್ಲಿ ಮೇಲೆ ಉಕ್ಕುತ್ತದೆ. ಇದ್ದಬದ್ದ ಬೋರಿಗೂ ಅದು ಸೇರುವ ಅಪಾಯ ಇದೆ.

ನವನಗರದ ಮನೆಯ ಯುಜಿಡಿಯನ್ನೂ ಪರೀಕ್ಷಿಸಿ. ಮನೆಯ ಕೊನೆಯ ಚೇಂಬರ್ ಮತ್ತು ರಸ್ತೆಯ ಮ್ಯಾನ್‌ಹೋಲ್ ಎರಡೂ ತೆಗೆಸಿ (ರಸ್ತೆಯದನ್ನು ಪಾಲಿಕೆಯವರಿಂದಲೇ ತೆಗೆಸಬೇಕು, ಯಾರೂ ಒಳಗೆ ಇಳಿಯಬಾರದು). ಬಚ್ಚಲಲ್ಲಿ ಎರಡು ಬಕೆಟ್ ಬಣ್ಣದ ನೀರು ಸುರಿಯಿರಿ. ನಾಲ್ಕೈದು ನಿಮಿಷದಲ್ಲಿ ರಸ್ತೆಯ ಚೇಂಬರ್‌ನಲ್ಲಿ ಬಣ್ಣ ಕಾಣಬೇಕು. ಕಾಣದೆ ಮನೆಯ ಚೇಂಬರ್‌ನಲ್ಲೇ ನಿಂತರೆ ಇಳಿಜಾರು ಸಾಲದು ಅಥವಾ ಬೇರು ತುಂಬಿದೆ. ಬಣ್ಣ ಗಟಾರದಲ್ಲಿ ಕಂಡರೆ ಸಂಪರ್ಕವೇ ಆಗಿಲ್ಲ, ಮಳೆನೀರಿನ ಚರಂಡಿಗೆ ಬಿಟ್ಟಿದ್ದಾರೆ. ಇದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಮಾಡಿ. ಸಂಪರ್ಕ ಮಾಡಿಸಿಕೊಡುವ ಹೊಣೆ ಮಾರುವವರದು ಎಂದು ಕರಾರಿನಲ್ಲೇ ಬರೆಸಿ.